ನಾಲ್ಕು ವಾಕ್ಯ, ನಾಲ್ಕೂ ಅಳಿಸಿದರು: ವೈದ್ಯಕೀಯ ಕೋಶಕ್ಕೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ನರ್ಸ್. ಹಲವರು ಸೇರಿ ಬರೆಯುವ ಒಂದು ಮುಕ್ತ ವೈದ್ಯಕೀಯ ಕೋಶಕ್ಕೆ ಬಿಪಿ ಬಗ್ಗೆ ಲೇಖನ ಬರೆದೆ. ಮೊದಲ ಪ್ಯಾರಾ ಹೀಗಿತ್ತು: ‘ಅಧಿಕ ರಕ್ತದೊತ್ತಡ ಒಂದು ಮೌನ ಹಂತಕ. ಇದರಿಂದ ಬಳಲುವ ರೋಗಿಗಳು ಉಪ್ಪು ಕಡಿಮೆ ಮಾಡಬೇಕು. ವೈದ್ಯರು ಸಾಮಾನ್ಯವಾಗಿ ಆಮ್ಲೋಡಿಪಿನ್ 5 ಮಿ.ಗ್ರಾಂ. ದಿನಕ್ಕೊಂದು ಕೊಡುತ್ತಾರೆ. ಇತ್ತೀಚಿನ ಸಂಶೋಧನೆಯ ಪ್ರಕಾರ ಇಂಥ ಮಾತ್ರೆಗಳು ಪಾರ್ಶ್ವವಾಯುವಿನ ಅಪಾಯವನ್ನು ಗಮನಾರ್ಹವಾಗಿ ಇಳಿಸುತ್ತವೆ.’ ಮಾರನೇ ದಿನ ನೋಡಿದರೆ ನಾಲ್ಕೂ ವಾಕ್ಯ ಹೋಗಿವೆ. ‘ಶೈಲಿ ಮಾರ್ಗಸೂಚಿ ನೋಡಿ’ ಎಂದಷ್ಟೇ ಟಿಪ್ಪಣಿ. ಇದರಲ್ಲಿ ತಪ್ಪೇನಿದೆ? ಇಂಥ ಕಡೆ ಬರೆಯುವುದಕ್ಕೆ ಬೇರೆಯದೇ ರೀತಿ ಇದೆಯಾ?

ಉತ್ತರ: ನಿಮ್ಮ ಪ್ಯಾರಾವನ್ನು ಎರಡು ಸಲ ಓದಿದೆ. ವೈದ್ಯಕೀಯವಾಗಿ ದೊಡ್ಡ ತಪ್ಪೇನೂ ಇಲ್ಲ. ವಾರ್ಡಿನಲ್ಲಿ ಒಬ್ಬರ ಹಾಸಿಗೆ ಪಕ್ಕ ನಿಂತು ನೀವು ಇದನ್ನೇ ಹೇಳಿದ್ದರೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ಆದರೆ ನಾನಾಗಿದ್ದರೂ ಇದನ್ನು ಹಾಗೇ ಬಿಡುತ್ತಿರಲಿಲ್ಲ. ಕಾರಣ ಬರೆದು ತಿದ್ದುತ್ತಿದ್ದೆ, ಅಷ್ಟೇ. ಹೊಸಬರ ಬರಹ ಅಳಿಸಿ ‘ಮಾರ್ಗಸೂಚಿ ನೋಡಿ’ ಅಂತ ಹೋಗಿಬಿಡುವುದು ಒರಟುತನ. ಅದಕ್ಕೆ ನೀವು ಬೇಜಾರಾಗಿದ್ದು ಸರಿಯೇ.

ವಾರ್ಡಿನಲ್ಲಿ ಎದುರಿನವರ ಮುಖ ನಿಮಗೆ ಕಾಣುತ್ತದೆ. ಗಾಬರಿಯಾದರೆ ಮಾತು ಮೆತ್ತಗೆ ಮಾಡುತ್ತೀರಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳುತ್ತೀರಿ. ಅವರ ವಯಸ್ಸೆಷ್ಟು, ಕಿಡ್ನಿ ಹೇಗಿದೆ, ಬೇರೆ ಏನು ಮಾತ್ರೆ ನುಂಗುತ್ತಿದ್ದಾರೆ, ಎಲ್ಲ ಕೇಸ್ ಶೀಟಿನಲ್ಲಿದೆ. ಪುಟಕ್ಕೆ ಕಣ್ಣಿಲ್ಲ. ಓದುತ್ತಿರುವವರು ಗರ್ಭಿಣಿಯೋ, ಎಂಬತ್ತು ದಾಟಿದವರೋ, ಪರೀಕ್ಷೆಗೆ ಓದುತ್ತಿರುವ ಹುಡುಗನೋ ಅದಕ್ಕೆ ಗೊತ್ತಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಪುಸ್ತಕ ಬರೆದರೆ ನಿಮ್ಮ ವಾಕ್ಯ ನಿಮ್ಮದಾಗೇ ಉಳಿಯುತ್ತದೆ. ಇಲ್ಲಿ ನಾಳೆ ಬೆಳಿಗ್ಗೆ ಯಾರೋ ಒಬ್ಬರು ಅದರ ಮಧ್ಯೆ ಒಂದು ಪದ ಸೇರಿಸುತ್ತಾರೆ. ಇನ್ನೊಬ್ಬರು ಅರ್ಧ ಕತ್ತರಿಸಿ ಬೇರೆ ಲೇಖನಕ್ಕೆ ಅಂಟಿಸುತ್ತಾರೆ. ಐದು ವರ್ಷ ಕಳೆದು ಒಬ್ಬರು ‘ಇದು ಈಗಲೂ ನಿಜವಾ?’ ಅಂತ ಕೇಳುತ್ತಾರೆ. ಆಗ ವಿವರಿಸಲು ನೀವು ಅಲ್ಲಿರುವುದಿಲ್ಲ. ಮಾರ್ಗಸೂಚಿಯ ಒಣ ನಿಯಮಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟಿದವು. ಓದುವವರು ನಿಮಗೆ ಕಾಣುವುದಿಲ್ಲ. ಮುಂದೆ ತಿದ್ದುವವರಿಗೆ ನೀವು ಸಿಗುವುದಿಲ್ಲ. ಇವೆರಡನ್ನು ಮನಸ್ಸಲ್ಲಿಟ್ಟುಕೊಂಡು ನಿಮ್ಮ ವಾಕ್ಯಗಳನ್ನು ನೋಡೋಣ. ಮೊದಲು ಮೂರನೆಯದು, ಅಪಾಯ ಜಾಸ್ತಿ ಇರುವುದು ಅದರಲ್ಲೇ.

‘ಆಮ್ಲೋಡಿಪಿನ್ 5 ಮಿ.ಗ್ರಾಂ. ದಿನಕ್ಕೊಂದು.’ ಇದು ಸಾಮಾನ್ಯ ಪ್ರಮಾಣವೇ, ಸುಳ್ಳಲ್ಲ. ಆದರೆ ವಯಸ್ಸಾಗಿ ಸೊರಗಿದವರಿಗೆ, ಲಿವರ್ ತೊಂದರೆ ಇರುವವರಿಗೆ ಎರಡೂವರೆಯಿಂದ ಶುರು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಓದುವವರಿಗೆ ಗೊತ್ತಿಲ್ಲ. ಮನೆಯಲ್ಲಿ ಬೇರೆ ಯಾರದೋ ಮಾತ್ರೆ ಇರುತ್ತದೆ, ಹೆಸರು ಹೊಂದುತ್ತದೆ, ಪುಟದಲ್ಲಿ ಪ್ರಮಾಣವೂ ಇದೆ. ಸಾಕಲ್ವಾ? ಇದಕ್ಕೇ ಇಂಗ್ಲಿಷ್ ವಿಕಿಪೀಡಿಯದ ವೈದ್ಯಕೀಯ ಮಾರ್ಗಸೂಚಿ ಕೂಡ ಔಷಧದ ಪ್ರಮಾಣ ಬರೆಯಬೇಡಿ ಅನ್ನುತ್ತದೆ. ಆ ಪ್ರಮಾಣವೇ ಚರ್ಚೆಯ ವಿಷಯವಾಗಿದ್ದರೆ ಮಾತ್ರ ವಿನಾಯಿತಿ.

ನನಗೆ ಈ ಪಾಠ ಕಲಿಸಿದ್ದು ನನ್ನದೇ ಒಂದು ವಾಕ್ಯ. ಬರೆಯಲು ಶುರು ಮಾಡಿದ ಹೊಸದರಲ್ಲಿ ಥೈರಾಯ್ಡ್ ಲೇಖನವೊಂದರಲ್ಲಿ ಲೆವೊಥೈರಾಕ್ಸಿನ್ ‘50 ಮೈ.ಗ್ರಾಂ.’ ಅಂತ ಬರೆದಿದ್ದೆ. ಕೆಲವು ವಾರ ಬಿಟ್ಟು ನೋಡಿದರೆ ಅದು ‘50 ಮಿ.ಗ್ರಾಂ.’ ಆಗಿತ್ತು. ಯಾರೋ ಒಳ್ಳೆಯ ಮನಸ್ಸಿನಿಂದ ಕಾಗುಣಿತ ತಿದ್ದಿದ್ದರು. ಒಂದು ಸ್ವರಚಿಹ್ನೆ ಬದಲಾಗಿದ್ದಕ್ಕೆ ಪ್ರಮಾಣ ಸಾವಿರ ಪಟ್ಟು ಏರಿತ್ತು. ತಿದ್ದಿದವರನ್ನು ಬೈದು ಪ್ರಯೋಜನವಿಲ್ಲ. ‘ಮಿ’ ಮತ್ತು ‘ಮೈ’ ಅಕ್ಕಪಕ್ಕ ನಿಲ್ಲುವ ಹಾಗೆ ಚುಟುಕಾಗಿ ಬರೆದವನು ನಾನು. ಅಂದಿನಿಂದ ‘ಮೈಕ್ರೋಗ್ರಾಂ’ ಅಂತ ಪೂರ್ತಿ ಬರೆಯುತ್ತೇನೆ, ಎಷ್ಟು ಸಲ ಬಂದರೂ.

ಪ್ರಮಾಣ ಬರೆಯದಿದ್ದರೂ ಅಂಕಿಗಳು ಬಂದೇ ಬರುತ್ತವೆ, ಲ್ಯಾಬ್ ಪರೀಕ್ಷೆಗಳಲ್ಲಂತೂ ತಪ್ಪಿದ್ದಲ್ಲ. ಅಲ್ಲಿ ಎರಡು ಮೂರು ಅಭ್ಯಾಸ ಇಟ್ಟುಕೊಳ್ಳಿ. ದಶಮಾಂಶದ ಮುಂದೆ ಸೊನ್ನೆ ಬೇಕು, ಕೊನೆಯಲ್ಲಿ ಸೊನ್ನೆ ಬೇಡ. ಅಂದರೆ ‘.5’ ಅಲ್ಲ ‘0.5’, ‘5.0’ ಅಲ್ಲ ‘5’. ಚುಕ್ಕೆ ಕಣ್ಣಿಗೆ ಬೀಳದಿದ್ದರೆ ಹತ್ತು ಪಟ್ಟು ವ್ಯತ್ಯಾಸ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಹೊರಡಿಸಿದ ‘ಬಳಸಬೇಡಿ’ ಪಟ್ಟಿಯಲ್ಲಿ ಔಷಧದ ಪ್ರಮಾಣಕ್ಕೆ ಇವೆರಡೂ ಇವೆ, ನಿಖರತೆ ತೋರಿಸಲೇಬೇಕಾದ ಲ್ಯಾಬ್ ಫಲಿತಾಂಶಗಳಲ್ಲಿ ಮಾತ್ರ ಕೊನೆಯ ಸೊನ್ನೆಗೆ ವಿನಾಯಿತಿ. ನಮ್ಮ ಲಿಪಿಗೆ ಇನ್ನೊಂದು ಎಚ್ಚರಿಕೆ ಸೇರಿಸುತ್ತೇನೆ: ಕನ್ನಡ ಅಂಕಿಗಳನ್ನು ಪ್ರೀತಿಸಿ, ಆದರೆ ಲ್ಯಾಬ್ ಅಂಕಿಗೆ ಬೇಡ. ಸಣ್ಣ ಪರದೆಯಲ್ಲಿ ೧ ಮತ್ತು ೦, ೬ ಮತ್ತು ೯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಅಳತೆಯ ಮಾನ (ಯೂನಿಟ್) ಬರೆಯದ ಅಂಕಿಗೆ ಅರ್ಥವಿಲ್ಲ. ರಕ್ತದ ಸಕ್ಕರೆ ಕೆಲವು ದೇಶಗಳಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ, ಇನ್ನು ಕೆಲವು ಕಡೆ ಲೀಟರಿಗೆ ಮಿಲಿಮೋಲ್. ಒಂದರಿಂದ ಇನ್ನೊಂದಕ್ಕೆ ಸುಮಾರು 18ರ ಲೆಕ್ಕ. ಖಾಲಿ ಹೊಟ್ಟೆಯ 126 ಮಿಲಿಗ್ರಾಂ ಅಂದರೂ 7 ಮಿಲಿಮೋಲ್ ಅಂದರೂ ಒಂದೇ. ಬರೀ ‘ಸಕ್ಕರೆ 7’ ಅಂತ ಓದಿದವರು ಯಾವ ತೀರ್ಮಾನಕ್ಕೆ ಬರಬೇಕು? ಎರಡನ್ನೂ ಬರೆಯಿರಿ.

ಈಗ ಎರಡನೇ ವಾಕ್ಯ. ‘ಬಳಲುವ ರೋಗಿಗಳು ಉಪ್ಪು ಕಡಿಮೆ ಮಾಡಬೇಕು.’ ಇಲ್ಲಿ ‘ಬೇಕು’ ಯಾರು ಯಾರಿಗೆ ಹೇಳಿದ್ದು? ನರ್ಸ್ ಹೇಳಬಹುದು. ಕೋಶ ಹೇಳುವುದಿಲ್ಲ. ಅದು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅಂತ ತಿಳಿಸುತ್ತದೆ. ‘ಉಪ್ಪು ಕಡಿಮೆ ಮಾಡುವುದರಿಂದ ರಕ್ತದೊತ್ತಡ ಇಳಿಯುತ್ತದೆ, ಹಾಗಾಗಿ ಚಿಕಿತ್ಸೆಯ ಮೊದಲ ಹಂತದಲ್ಲೇ ಇದನ್ನು ಸೂಚಿಸುತ್ತಾರೆ’ ಅಂದರೆ ವಿಷಯವೂ ಬಂತು, ಅಪ್ಪಣೆಯೂ ಹೋಯಿತು. ಹಾಗಂತ ಎಲ್ಲ ಕ್ರಿಯಾಪದವನ್ನೂ ‘ಮಾಡಲಾಗುತ್ತದೆ, ನೀಡಲಾಗುತ್ತದೆ’ ಮಾಡಿಬಿಡಬೇಡಿ. ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಮಾಡುತ್ತಾರೆ, ಕೊಡುತ್ತಾರೆ’ ಚೆನ್ನಾಗೇ ಇದೆ.

‘ಬಳಲುವ’ ಕೂಡ ತೆಗೆಯಿರಿ. ಬಿಪಿ ಇರುವ ಬಹಳಷ್ಟು ಜನ ಬಳಲುವುದೇ ಇಲ್ಲ, ಅದೇ ಅಲ್ವಾ ಅದರ ಕಥೆ? ‘ರೋಗಿ’ ಅನ್ನುವ ಪದ ಆಸ್ಪತ್ರೆಯ ಸಂದರ್ಭಕ್ಕೆ ಸರಿ. ಮನೆಯಲ್ಲಿ, ಕೆಲಸದಲ್ಲಿ ಓಡಾಡಿಕೊಂಡಿರುವವರಿಗೆ ‘ಬಿಪಿ ಇರುವವರು’ ಸಾಕು. ಮಾನಸಿಕ ಕಾಯಿಲೆ, ಮೂರ್ಛೆ, ಕುಷ್ಠ, ಎಚ್‌ಐವಿ ಬಗ್ಗೆ ಬರೆಯುವಾಗ ಇದು ಬರೀ ನಯದ ಮಾತಲ್ಲ. ಆ ಪುಟ ಓದುತ್ತಿರುವವರಲ್ಲಿ ಹೆಚ್ಚಿನವರು ಅದೇ ಕಾಯಿಲೆ ಇರುವವರು ಅಥವಾ ಅವರ ಮನೆಯವರು. ಹೆಸರಿನಿಂದಲೇ ಆಗುವ ಹಾನಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಗಂಭೀರವಾಗಿ ತೆಗೆದುಕೊಂಡಿದೆ. ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ, ಜನರ, ಪ್ರಾಣಿಗಳ ಹೆಸರಿಡಬೇಡಿ ಅಂತ 2015ರಲ್ಲಿ ಹೇಳಿತು. 2022ರ ನವೆಂಬರ್‌ನಲ್ಲಿ ಮಂಕಿಪಾಕ್ಸ್ ಹೆಸರನ್ನು ಎಂಪಾಕ್ಸ್ ಅಂತ ಬದಲಿಸಿತು. ಕೋಶದಲ್ಲಿ ಹಳೆ ಹೆಸರನ್ನೂ ಒಂದು ಸಲ ಕೊಡಬೇಕು, ಇಲ್ಲದಿದ್ದರೆ ಹುಡುಕುವವರಿಗೆ ಪುಟ ಸಿಗುವುದಿಲ್ಲ.

ಕ್ರಿಯಾಪದದ ಮಾತು ಬಂದಿದ್ದರಿಂದ ಇಲ್ಲೇ ಸ್ವಲ್ಪ ನಿಲ್ಲೋಣ. ಇಂಗ್ಲಿಷಿನ ಮಾರ್ಗಸೂಚಿಗಳನ್ನು ಎಷ್ಟು ಓದಿದರೂ ಈ ವಿಷಯ ಸಿಗುವುದಿಲ್ಲ, ಇದು ನಮ್ಮ ಭಾಷೆಯ ತಾಪತ್ರಯ. ಕನ್ನಡದಲ್ಲಿ ‘ಹೌದು’ ಅಥವಾ ‘ಇಲ್ಲ’ ತಿಳಿಯುವುದು ವಾಕ್ಯದ ತುದಿಯಲ್ಲಿ. ‘ಈ ಮಾತ್ರೆಯನ್ನು ಗರ್ಭಿಣಿಯರು, ಎದೆಹಾಲು ಕೊಡುವವರು, ಹಿಂದೆ ಇದೇ ಗುಂಪಿನ ಔಷಧದಿಂದ ಮುಖ ಊದಿಕೊಂಡವರು, ತೀರಾ ಕಿಡ್ನಿ ತೊಂದರೆ ಇರುವವರು ತೆಗೆದುಕೊಳ್ಳ’ ಅನ್ನುವವರೆಗೂ ಅದು ‘ಬಹುದೋ’ ‘ಬಾರದೋ’ ಗೊತ್ತಿಲ್ಲ. ಮೊಬೈಲಿನಲ್ಲಿ ಓದುವವರ ಕಣ್ಣು ಅಷ್ಟರಲ್ಲಿ ಮುಂದಿನ ಸಾಲಿಗೆ ಜಾರಿರುತ್ತದೆ. ಎಚ್ಚರಿಕೆಯ ವಾಕ್ಯವಾದರೆ ನಿಷೇಧವನ್ನು ಮುಂದಕ್ಕೆ ತನ್ನಿ: ‘ಈ ಮಾತ್ರೆ ಎಲ್ಲರಿಗೂ ಆಗುವುದಿಲ್ಲ. ಗರ್ಭಿಣಿಯರಿಗೆ ಕೊಡುವುದಿಲ್ಲ. ಎದೆಹಾಲು ಕೊಡುವವರಿಗೂ ಕೊಡುವುದಿಲ್ಲ.’ ‘ಕೊಡುವುದಿಲ್ಲ’ ಪದೇ ಪದೇ ಬರುತ್ತದೆ, ಓದಲು ಸೊಗಸಿಲ್ಲ. ಪರವಾಗಿಲ್ಲ. ಮಧ್ಯದ ಒಂದು ವಾಕ್ಯವನ್ನು ಯಾರಾದರೂ ಕಿತ್ತು ಬೇರೆ ಕಡೆ ಹಾಕಿದರೂ ಅರ್ಥ ತಿರುಗುವುದಿಲ್ಲ. ‘ಕೊಡದೇ ಇರಬಾರದು ಎಂದೇನಿಲ್ಲ’ ತರಹದ ಎರಡು ಮೂರು ಇಲ್ಲಗಳ ಸರಮಾಲೆಯನ್ನಂತೂ ಕಂಡಲ್ಲೇ ಒಡೆಯಿರಿ.

‘ಬಹುದು’ ಇನ್ನೊಂದು ಕಿಲಾಡಿ. ‘ತಲೆನೋವು ಬರಬಹುದು’ ಅಂದಾಗ ಅದು ಸಾಧ್ಯತೆ. ‘ಮಕ್ಕಳಿಗೆ ಕೊಡಬಹುದು’ ಅಂದಾಗ ಅನುಮತಿ. ‘ಕೆಲವೊಮ್ಮೆ ಮಕ್ಕಳಿಗೂ ಕೊಡಬಹುದು’ ಅಂದರೆ ಏನು? ಬರೆದವರಿಗೇ ಗೊತ್ತು. ಸಾಧ್ಯತೆಯಾದರೆ ಎಷ್ಟು ಅಂತ ಹೇಳಿ. ಯುರೋಪಿನಲ್ಲಿ ಔಷಧದ ಜೊತೆ ಬರುವ ಮಾಹಿತಿ ಹಾಳೆಗಳಲ್ಲಿ ಇದಕ್ಕೊಂದು ಒಪ್ಪಂದವಿದೆ. ಹತ್ತರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಆಗುವ ಅಡ್ಡಪರಿಣಾಮ ‘ಬಹಳ ಸಾಮಾನ್ಯ’. ನೂರರಲ್ಲಿ ಒಬ್ಬರಿಂದ ಹತ್ತರಲ್ಲಿ ಒಬ್ಬರವರೆಗೆ ‘ಸಾಮಾನ್ಯ’. ಹತ್ತು ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆಯಾದರೆ ‘ಅತಿ ವಿರಳ’. ನಿಮ್ಮ ಲೇಖನದಲ್ಲೂ ಕಾಲು ಊದುವುದು ಮತ್ತು ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವ ಅಲರ್ಜಿ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂರಬಾರದು. ಕೂತರೆ ಓದುವವರು ಎರಡಕ್ಕೂ ಒಂದೇ ಸಮ ಹೆದರುತ್ತಾರೆ. ಮಾತ್ರೆ ನಿಲ್ಲಿಸಿಬಿಡುತ್ತಾರೆ.

ನಾಲ್ಕನೇ ವಾಕ್ಯಕ್ಕೆ ಬರೋಣ. ‘ಇತ್ತೀಚಿನ ಸಂಶೋಧನೆಯ ಪ್ರಕಾರ ಗಮನಾರ್ಹವಾಗಿ ಇಳಿಸುತ್ತವೆ.’ ತೂಕವಾಗಿ ಕಾಣುತ್ತದೆ, ಒಳಗೆ ಏನೂ ಇಲ್ಲ. ಕೋಪ ಮಾಡಿಕೊಳ್ಳಬೇಡಿ, ಪತ್ರಿಕೆಗಳಲ್ಲಿ ದಿನಾ ಓದಿ ಓದಿ ನಮಗೆಲ್ಲ ಅಂಟಿಕೊಂಡಿರುವ ವಾಕ್ಯ ಇದು.

‘ಇತ್ತೀಚಿನ’ ಅಂದರೆ ಯಾವಾಗ? ನೀವು ಬರೆದ ದಿನಕ್ಕೆ ಇತ್ತೀಚಿನದು. ಪುಟ ಹತ್ತು ವರ್ಷ ಬಾಳುತ್ತದೆ, ‘ಇತ್ತೀಚಿನ’ ಹಾಗೇ ಇರುತ್ತದೆ. ಇಸವಿ ಹಾಕಿ. ‘ಈಗ’, ‘ಹೊಸ’, ‘ಆಧುನಿಕ’ ಇವಕ್ಕೂ ಇದೇ ಗತಿ. ಇಸವಿ ಇದ್ದರೆ ಐದು ವರ್ಷದ ನಂತರ ಬಂದವರು ತಾವಾಗೇ ಅನುಮಾನಪಟ್ಟು ಹೊಸದನ್ನು ಹುಡುಕುತ್ತಾರೆ.

‘ಸಂಶೋಧನೆ’ ಅಂದರೆ ಯಾವುದು? ಇಲ್ಲಿ ಹೊಸಬರು ಎಡವುವುದು ಜಾಸ್ತಿ, ವೈದ್ಯರು ಇನ್ನೂ ಜಾಸ್ತಿ. ನಿನ್ನೆ ಪ್ರಕಟವಾದ ಒಂದು ಪ್ರಯೋಗ ಓದುತ್ತಾರೆ, ಹುಮ್ಮಸ್ಸಿನಲ್ಲಿ ಲೇಖನಕ್ಕೆ ಸೇರಿಸುತ್ತಾರೆ. ಮೂಲ ಪ್ರಬಂಧವೇ ತಾನೇ, ಅದಕ್ಕಿಂತ ಗಟ್ಟಿ ಆಧಾರ ಏನಿದೆ ಅಂತ ವಾದ. ಇತಿಹಾಸಕ್ಕೆ ಮೂಲ ದಾಖಲೆ ಗಟ್ಟಿ. ವೈದ್ಯಕೀಯದಲ್ಲಿ ಒಂಟಿ ಪ್ರಯೋಗ ಒಬ್ಬ ಸಾಕ್ಷಿ ಮಾತ್ರ, ತೀರ್ಪು ಅಲ್ಲ. 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಒಂದು ಪ್ರಬಂಧ ಬಂತು. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಅನ್ನುವ ಗುಲ್ಲು ಶುರುವಾಗಿದ್ದು ಅದರಿಂದ. ಪತ್ರಿಕೆ ಅದನ್ನು ಹಿಂತೆಗೆದುಕೊಂಡಿದ್ದು 2010ರಲ್ಲಿ. ಹನ್ನೆರಡು ಮಕ್ಕಳು, ಹನ್ನೆರಡು ವರ್ಷ. ಆ ಹೊತ್ತಿಗೆ ದೊಡ್ಡ ದೊಡ್ಡ ಅಧ್ಯಯನಗಳು ಅಂಥ ನಂಟೇ ಇಲ್ಲ ಅಂತ ತೋರಿಸಿಯಾಗಿತ್ತು.

ಹಾಗಾಗಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಬರಹ ಹುಡುಕಿ: ವ್ಯವಸ್ಥಿತ ಪರಿಶೀಲನೆ, ಮೆಟಾ ಅನಾಲಿಸಿಸ್, ತಜ್ಞ ಸಂಘಗಳ ಚಿಕಿತ್ಸಾ ಮಾರ್ಗಸೂಚಿ, ಒಳ್ಳೆಯ ಪಠ್ಯಪುಸ್ತಕ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಹುಡುಕುವಾಗ ಪಕ್ಕದಲ್ಲಿ ‘ಪರಿಶೀಲನಾ ಲೇಖನ ಮಾತ್ರ’ ಅನ್ನುವ ಆಯ್ಕೆ ಇರುತ್ತದೆ, ಒತ್ತಿ. ಕಾಕ್ರೇನ್ ಸಂಸ್ಥೆಯ ಪರಿಶೀಲನೆಗಳ ಜೊತೆ ಸಾಮಾನ್ಯರಿಗೆ ಅರ್ಥವಾಗುವ ಸಾರಾಂಶವೂ ಇರುತ್ತದೆ. ವಿಕಿಪೀಡಿಯದವರು ಕಳೆದ ಐದು ವರ್ಷದೊಳಗಿನ ಪರಿಶೀಲನೆಗಳನ್ನು ನೋಡಿ ಅನ್ನುತ್ತಾರೆ. ಕಟ್ಟುನಿಟ್ಟಿನ ಗೆರೆಯಲ್ಲ ಅದು, ಒಂದು ಅಂದಾಜು. ಅಪರೂಪದ ಕಾಯಿಲೆಗೆ ಹದಿನೈದು ವರ್ಷ ಹಳೆಯದೊಂದೇ ಸಿಕ್ಕರೆ ಅದನ್ನೇ ಬಳಸಿ, ಇಸವಿ ಹೇಳಿ.

ಮತ್ತೆ, ಪರಿಶೀಲನೆಯ ಸಾರಾಂಶ ಮಾತ್ರ ಓದಿ ಬರೆಯಬೇಡಿ. ಒಳಗೆ ಹೋಗಿ ಏನನ್ನು ಅಳೆದರು ನೋಡಿ. ಲ್ಯಾಬ್ ಅಂಕಿ ಸುಧಾರಿಸುವುದಕ್ಕೂ ಮನುಷ್ಯ ಬದುಕುವುದಕ್ಕೂ ವ್ಯತ್ಯಾಸವಿದೆ. ಹೃದಯಾಘಾತವಾದವರ ಎದೆಬಡಿತ ತಾಳತಪ್ಪುವುದನ್ನು ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆಗಳು ಚೆನ್ನಾಗೇ ತಡೆಯುತ್ತಿದ್ದವು. ಇಸಿಜಿ ನೋಡಿದರೆ ಖುಷಿಯಾಗಬೇಕು. 1989ರಲ್ಲಿ ಕ್ಯಾಸ್ಟ್ ಅನ್ನುವ ಪ್ರಯೋಗದ ಫಲಿತಾಂಶ ಬಂದಾಗ ತಿಳಿದದ್ದು, ಔಷಧವೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಇವನ್ನು ತೆಗೆದುಕೊಂಡವರೇ ಜಾಸ್ತಿ ಸತ್ತಿದ್ದರು. ಅದಕ್ಕೆ ‘ಬಿಪಿ ಇಳಿಯಿತು’ ಅಂತ ಬರೆಯುವುದೂ ‘ಪಾರ್ಶ್ವವಾಯು ಕಡಿಮೆಯಾಯಿತು’ ಅಂತ ಬರೆಯುವುದೂ ಬೇರೆ. ಆಕರ ಯಾವುದನ್ನು ಹೇಳಿದೆಯೋ ಅದನ್ನು ಮಾತ್ರ ಬರೆಯಿರಿ.

ಇನ್ನು ‘ಗಮನಾರ್ಹ’. ಸಂಖ್ಯಾಶಾಸ್ತ್ರದವರ ಪ್ರಕಾರ ಇದರ ಅರ್ಥ ‘ಸುಮ್ನೆ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವ ಸಂಭವ ಕಡಿಮೆ’ ಅಂತ. ನಮ್ಮ ಓದುಗರ ಪಾಲಿಗೆ ಇದರ ಅರ್ಥ ‘ತುಂಬಾ’. ಸಾವಿರಾರು ಜನರ ಪ್ರಯೋಗದಲ್ಲಿ ಬಿಪಿ ಎರಡೇ ಎರಡು ಅಂಕಿ ಇಳಿದರೂ ಮೊದಲ ಅರ್ಥದಲ್ಲಿ ಅದು ಗಮನಾರ್ಹ. ಈ ಪದವನ್ನು ವೈದ್ಯಕೀಯ ಲೇಖನದಿಂದ ಹೊರಗೇ ಇಡಿ, ಅಂಕಿ ಕೊಡಿ.

ಅಂಕಿ ಕೊಡುವುದರಲ್ಲೂ ಒಂದು ಬಲೆಯಿದೆ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ನಿಜವಾಗಿ ಆ ‘ಎರಡು ಪಟ್ಟು’ ಏನಾಗಿತ್ತು? ಏಳು ಸಾವಿರದಲ್ಲಿ ಒಬ್ಬರಿದ್ದದ್ದು ಏಳು ಸಾವಿರದಲ್ಲಿ ಇಬ್ಬರಾಗಿತ್ತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಅನ್ನುವ ಅಂದಾಜಿದೆ. ಗರ್ಭ ಮತ್ತು ಹೆರಿಗೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ ಅನ್ನುವುದು ಇದರ ಮೇಲಿನ ವ್ಯಂಗ್ಯ. ಎಚ್ಚರಿಕೆ ಸುಳ್ಳಾಗಿರಲಿಲ್ಲ. ವಾಕ್ಯ ಅರ್ಧವಾಗಿತ್ತು.

ನಿಮ್ಮ ಪಾರ್ಶ್ವವಾಯುವಿನ ವಾಕ್ಯಕ್ಕೂ ಇದು ತಗುಲುತ್ತದೆ. 2016ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ 123 ಪ್ರಯೋಗ, ಆರು ಲಕ್ಷಕ್ಕೂ ಮಿಕ್ಕಿದ ಜನರನ್ನು ಒಟ್ಟು ಸೇರಿಸಿದ ವಿಶ್ಲೇಷಣೆ ಬಂತು. ಮೇಲಿನ ಬಿಪಿ 10 ಅಂಕಿ ಇಳಿದರೆ ಪಾರ್ಶ್ವವಾಯು ಶೇ 27ರಷ್ಟು ಕಡಿಮೆ ಅಂತ ಅದು ಹೇಳಿತು. ಎಷ್ಟರಲ್ಲಿ ಶೇ 27? ನೂರು ಜನರಲ್ಲಿ ಹತ್ತು ಮಂದಿಗೆ ಆಗಬೇಕಿದ್ದ ಗುಂಪಿನಲ್ಲಿ ಸುಮಾರು ಏಳು ಮಂದಿಗೆ ಆಗುತ್ತದೆ, ಮೂವರು ಪಾರು. ಸಾವಿರ ಜನರಲ್ಲಿ ಹತ್ತು ಮಂದಿಗೆ ಆಗಬೇಕಿದ್ದ ಗುಂಪಿನಲ್ಲೂ ಪಾರಾಗುವವರು ಮೂವರೇ, ಆದರೆ ಮಾತ್ರೆ ನುಂಗುವವರು ಸಾವಿರ. ಶೇಕಡಾವಾರು ಒಂದೇ, ಬದುಕಿಗೆ ಅದರ ಅರ್ಥ ಬೇರೆ. ಸಾಧ್ಯವಾದಾಗೆಲ್ಲ ‘ಇಷ್ಟು ಜನರಲ್ಲಿ ಇಷ್ಟು’ ಅಂತ ಬರೆಯಿರಿ.

ಇಲ್ಲೂ ನಮ್ಮ ವ್ಯಾಕರಣ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತದೆ. ‘ಈ ಮಾತ್ರೆ ತೆಗೆದುಕೊಂಡು ಹತ್ತರಲ್ಲಿ ಏಳು ಮಂದಿ ಗುಣವಾದರು’ ಅಂದರೆ ಮಾತ್ರೆಯಿಂದಲೇ ಗುಣವಾದರು ಅಂತ ಕಿವಿಗೆ ಕೇಳುತ್ತದೆ. ‘ತೆಗೆದುಕೊಂಡವರಲ್ಲಿ ಹತ್ತಕ್ಕೆ ಏಳು, ಹುಸಿ ಮಾತ್ರೆಯವರಲ್ಲಿ ಹತ್ತಕ್ಕೆ ಆರು’ ಅಂತ ಬರೆದಾಗ ಮಾತ್ರೆಯ ಪಾಲು ಎಷ್ಟು ಅಂತ ಕಾಣುತ್ತದೆ. ‘ತೆಗೆದುಕೊಂಡು’ ಮತ್ತು ‘ತೆಗೆದುಕೊಂಡವರಲ್ಲಿ’ ನಡುವಿನ ವ್ಯತ್ಯಾಸಕ್ಕೆ ಔಷಧ ಕಂಪನಿಗಳು ಕೋಟಿಗಟ್ಟಲೆ ಕೊಟ್ಟಾವು!

ಮೊದಲ ವಾಕ್ಯ ‘ಮೌನ ಹಂತಕ’. ಇದು ಬೇಡ. ಕೋಶದ ಮೊದಲ ವಾಕ್ಯ ‘ಇದು ಏನು’ ಅನ್ನುವುದನ್ನು ಹೇಳಬೇಕು. ಹೆದರಿಸುವುದು ಅದರ ಕೆಲಸವಲ್ಲ. ಅಲ್ಲಿ ಯಾವ ಪದ ಬಳಸಬೇಕು ಅನ್ನುವುದು ದೊಡ್ಡ ತಲೆನೋವು. ನನ್ನ ಪದ್ಧತಿ ಹೀಗಿದೆ. ಜನ ಬಾಯಲ್ಲಿ ಆಡುವ ಪದಕ್ಕೆ ಮೊದಲ ಮರ್ಯಾದೆ, ಇಂಗ್ಲಿಷಿನಿಂದ ಬಂದಿದ್ದರೂ ಸರಿ. ಬಿಪಿ, ಸ್ಕ್ಯಾನ್, ಕಿಡ್ನಿ, ಆಂಟಿಬಯಾಟಿಕ್ ಎಲ್ಲರಿಗೂ ಗೊತ್ತು. ಪಠ್ಯಪುಸ್ತಕದ ಕನ್ನಡ ಪದವನ್ನು ಮೊದಲ ಸಲ ಪಕ್ಕದಲ್ಲಿ ಹೇಳಿ, ಆಮೇಲೆ ಯಾವುದಾದರೂ ಒಂದನ್ನೇ ಕೊನೆವರೆಗೂ ಬಳಸಿ. ಒಂದು ಪ್ಯಾರಾದಲ್ಲಿ ‘ಪ್ರತಿಕಾಯ’ (ಆಂಟಿಬಾಡಿ), ‘ಪ್ರತಿಜನಕ’ (ಆಂಟಿಜೆನ್), ‘ಪ್ರತಿಜೀವಕ’ (ಆಂಟಿಬಯಾಟಿಕ್) ಮೂರೂ ಬಂದರೆ ಬರೆದವರೇ ತಡವರಿಸುತ್ತಾರೆ. ಚೆಂದಕ್ಕಾಗಿ ಒಮ್ಮೆ ‘ಕಾಯಿಲೆ’, ಒಮ್ಮೆ ‘ವ್ಯಾಧಿ’, ಒಮ್ಮೆ ‘ಬೇನೆ’ ಅಂತ ಬದಲಿಸುವ ಶಾಲೆಯ ಪ್ರಬಂಧದ ಅಭ್ಯಾಸವನ್ನೂ ಬಿಡಿ. ಪದ ಬದಲಾದರೆ ವಿಷಯವೇ ಬದಲಾಯಿತೇನೋ ಅಂದುಕೊಳ್ಳುತ್ತಾರೆ.

ಆದರೆ ಆಡುಮಾತಿನ ಕೆಲವು ಪದಗಳು ಮೋಸ ಮಾಡುತ್ತವೆ. ‘ನರ’ ತೆಗೆದುಕೊಳ್ಳಿ. ಡಾಕ್ಟರಿಗೆ ಅದು ಮೆದುಳಿನಿಂದ ಸಂದೇಶ ಒಯ್ಯುವ ತಂತು. ಜನರಿಗೆ ಕೈಮೇಲೆ ನೀಲಿಯಾಗಿ ಉಬ್ಬಿದ್ದೂ ನರವೇ, ಸೂಜಿ ಚುಚ್ಚುವುದೂ ‘ನರಕ್ಕೆ’. ನಿಮಗಿದು ದಿನನಿತ್ಯದ ಅನುಭವ ಇರಬೇಕು. ಹಾಗಾಗಿ ರಕ್ತ ಹರಿಯುವುದಾದರೆ ‘ರಕ್ತನಾಳ’ ಅಂತಲೇ ಬರೆಯಿರಿ. ‘ತೀವ್ರ’ ಇನ್ನೂ ಕೆಟ್ಟದು. ದಿಢೀರನೆ ಶುರುವಾದ ಕಾಯಿಲೆಗೂ ಅದೇ ಪದ, ವಿಪರೀತವಾದ ಕಾಯಿಲೆಗೂ ಅದೇ ಪದ. ಸಾಧಾರಣ ನೆಗಡಿ ದಿಢೀರನೆ ಬರುತ್ತದೆ, ವಿಪರೀತವಲ್ಲ. ಪಠ್ಯದ ‘ತೀವ್ರ’ ಯಾವುದು ಅಂತ ನೋಡಿ ‘ದಿಢೀರ್’ ಅಥವಾ ‘ಗಂಭೀರ’ ಬಳಸಿ. ‘ಸೋಂಕು’ ಬೇರೆ, ‘ಉರಿಯೂತ’ ಬೇರೆ. ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ ಮೂರೂ ಬೇರೆ ಬೇರೆ, ಸುದ್ದಿಗಳಲ್ಲಿ ಮೂರಕ್ಕೂ ಒಂದೇ ಹೆಸರು. ಪರೀಕ್ಷೆಯ ಫಲಿತಾಂಶವನ್ನು ‘ಧನಾತ್ಮಕ’, ‘ಋಣಾತ್ಮಕ’ ಮಾಡಬೇಡಿ. ‘ಸೋಂಕು ಕಂಡಿತು’, ‘ಸೋಂಕು ಕಾಣಲಿಲ್ಲ’ ಅಂದರೆ ಮುಗಿಯಿತು.

ಔಷಧಕ್ಕೆ ಕಂಪನಿ ಇಟ್ಟ ಹೆಸರು ಬೇಡ, ಜೆನೆರಿಕ್ ಹೆಸರು ಬಳಸಿ. ಅದರಲ್ಲೂ ಅಂತರರಾಷ್ಟ್ರೀಯ ಹೆಸರು. ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಎರಡು ಬೇರೆ ಔಷಧ ಅಂದುಕೊಂಡು ಎರಡನ್ನೂ ನುಂಗುವವರಿದ್ದಾರೆ. ಒಂದು ಸಲ ಎರಡೂ ಹೆಸರು ಕೊಟ್ಟು ಮುಂದೆ ಸಾಗಿ.

ಇನ್ನು ಕೆಲವು ವಿಷಯ ಬೇಗ ಹೇಳಿಬಿಡುತ್ತೇನೆ. ಪಠ್ಯಪುಸ್ತಕದಿಂದ ಸಾಲು ಎತ್ತಬೇಡಿ, ಅನುವಾದ ಮಾಡಿ ಎತ್ತಿದರೂ ಅದು ಎತ್ತಿದ್ದೇ. ಕೆಲವು ರೋಗಪತ್ತೆ ಪ್ರಶ್ನಾವಳಿಗಳಿಗೂ ಹಕ್ಕುಸ್ವಾಮ್ಯ ಇದೆ. ಫೋಟೋ ಹಾಕುವಾಗ ಮುಖ ಮಾತ್ರ ಮುಚ್ಚಿದರೆ ಸಾಲದು. ಹಚ್ಚೆ, ಎಕ್ಸ್‌ರೇ ಮೂಲೆಯಲ್ಲಿರುವ ಹೆಸರು, ತಾರೀಕು ನೋಡಿ. ಒಪ್ಪಿಗೆ ಬರಹದಲ್ಲಿರಲಿ. ವಾರ್ಡಿನಲ್ಲಿ ಕಂಡ ಒಂದು ಪ್ರಕರಣವನ್ನು ಉದಾಹರಣೆಯಾಗಿ ಕೊಡಬೇಡಿ, ಅದು ಆಧಾರವೂ ಅಲ್ಲ, ಅವರ ಗುಟ್ಟೂ ಹೋಗುತ್ತದೆ. ಔಷಧ ಕಂಪನಿಯ ಜೊತೆ ನಿಮಗೆ ಹಣದ ಸಂಬಂಧವಿದ್ದರೆ ಮೊದಲೇ ಹೇಳಿ. ಮನೆಮದ್ದು, ಸಾಂಪ್ರದಾಯಿಕ ಪದ್ಧತಿ ಇವಕ್ಕೆ ಬೇರೆ ಅಳತೆಗೋಲು ಇಲ್ಲ. ಮಾತ್ರೆಗೆ ಕೇಳುವ ಪುರಾವೆಯನ್ನೇ ಕಷಾಯಕ್ಕೂ ಕೇಳಿ.

ಯಂತ್ರದ ಅನುವಾದದ ಬಗ್ಗೆ ಒಂದು ಮಾತು. ಕರಡಿಗೆ ಬಳಸಿದರೆ ನನ್ನ ತಕರಾರಿಲ್ಲ. ಆದರೆ ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ‘ರಕ್ತ ಸಂಸ್ಕೃತಿ’ ಆಗಿದ್ದನ್ನು ನಾನೇ ತಿದ್ದಿದ್ದೇನೆ. ಅದು ನಗು ತರಿಸುವ ತಪ್ಪು, ಯಾರ ಕಣ್ಣಿಗಾದರೂ ಬೀಳುತ್ತದೆ. ಬೀಳದೇ ಇರುವುದು ಬಿಟ್ಟುಹೋದ ‘ಇಲ್ಲ’. ಎಐ ಬರೆದುಕೊಟ್ಟ ಆಕರಗಳನ್ನಂತೂ ಒಂದೊಂದಾಗಿ ತೆರೆದು ನೋಡಿ. ಲೇಖಕರ ಹೆಸರು, ಪತ್ರಿಕೆ, ಇಸವಿ ಎಲ್ಲ ಚೆನ್ನಾಗಿ ಕಾಣುತ್ತವೆ, ಕೆಲವೊಮ್ಮೆ ಅಂಥ ಪ್ರಬಂಧವೇ ಇರುವುದಿಲ್ಲ.

ಈಗ ನಿಮ್ಮ ಪ್ಯಾರಾವನ್ನು ನಾನು ಬರೆದರೆ ಹೀಗೆ ಬರೆಯುತ್ತೇನೆ:

‘ರಕ್ತನಾಳಗಳಲ್ಲಿ ರಕ್ತದ ಒತ್ತಡ ಬಹಳ ಕಾಲ ಹೆಚ್ಚಾಗೇ ಇರುವುದಕ್ಕೆ ಅಧಿಕ ರಕ್ತದೊತ್ತಡ ಅಥವಾ ಹೈ ಬಿಪಿ ಎನ್ನುತ್ತಾರೆ. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ, ಅಳೆದಾಗಲೇ ಗೊತ್ತಾಗುತ್ತದೆ. ಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಮುಂದುವರಿದರೆ ಪಾರ್ಶ್ವವಾಯು, ಹೃದಯಾಘಾತ ಮತ್ತು ಕಿಡ್ನಿ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಎಷ್ಟು ದಾಟಿದರೆ ಅಧಿಕ ಎನ್ನುವುದರಲ್ಲಿ ಒಂದೇ ಅಭಿಪ್ರಾಯವಿಲ್ಲ. ಅಮೆರಿಕದ ಹೃದ್ರೋಗ ಸಂಘಗಳ 2017ರ ಮಾರ್ಗಸೂಚಿ 130/80 ಮಿಲಿಮೀಟರ್ ಪಾದರಸ ಎಂದರೆ, ಯುರೋಪಿನ ಹೃದ್ರೋಗ ಸಂಘದ 2024ರ ಮಾರ್ಗಸೂಚಿ 140/90 ಎನ್ನುತ್ತದೆ. ಉಪ್ಪು ಕಡಿಮೆ ಮಾಡುವುದು, ವ್ಯಾಯಾಮ ಮತ್ತು ತೂಕ ಇಳಿಸುವುದು ಚಿಕಿತ್ಸೆಯ ಭಾಗ. ಹಲವರಿಗೆ ಔಷಧವೂ ಬೇಕಾಗುತ್ತದೆ. 123 ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಒಂದು ವಿಶ್ಲೇಷಣೆಯಲ್ಲಿ, ಮೇಲಿನ ಒತ್ತಡ 10 ಮಿಲಿಮೀಟರ್ ಪಾದರಸದಷ್ಟು ಇಳಿದಾಗ ಪಾರ್ಶ್ವವಾಯು ಸುಮಾರು ನಾಲ್ಕರಲ್ಲಿ ಒಂದು ಭಾಗದಷ್ಟು ಕಡಿಮೆಯಾಗಿತ್ತು.’

ನಿಮ್ಮದಕ್ಕಿಂತ ಉದ್ದವಾಯಿತು, ಒಪ್ಪುತ್ತೇನೆ. ಇಲ್ಲೂ ಒಂದು ಕೊರತೆ ಉಳಿದಿದೆ. ಕೊನೆಯ ವಾಕ್ಯದಲ್ಲಿ ‘ಎಷ್ಟು ಜನರಲ್ಲಿ ಎಷ್ಟು’ ಅನ್ನುವುದು ಬಂದಿಲ್ಲ, ಅದು ಆಯಾ ಗುಂಪಿಗೆ ಬದಲಾಗುತ್ತದೆ. ಅದನ್ನು ಕೆಳಗೆ ‘ಚಿಕಿತ್ಸೆ’ ವಿಭಾಗದಲ್ಲಿ ಬಿಡಿಸಿ ಹೇಳಿ. ಆಮ್ಲೋಡಿಪಿನ್ ಹೆಸರೂ ಅಲ್ಲಿಗೇ ಹೋಗಲಿ, ಅದರ ಜೊತೆಗಾರ ಔಷಧಗಳ ಪಕ್ಕ, ಪ್ರಮಾಣವಿಲ್ಲದೆ. ಪ್ರತಿ ವಾಕ್ಯಕ್ಕೂ ಅದರದೇ ಆಕರ ಅಂಟಿಸಿ. ಪ್ಯಾರಾದ ಕೊನೆಗೆ ಎಲ್ಲವನ್ನೂ ಗುಡ್ಡೆ ಹಾಕಿದರೆ ನಾಳೆ ಯಾರಾದರೂ ಮಧ್ಯದ ವಾಕ್ಯ ಎತ್ತಿಕೊಂಡು ಹೋದಾಗ ಆಕರ ಹಿಂದೆ ಉಳಿದುಬಿಡುತ್ತದೆ. ಸೇರಿಸುವ ಮುಂಚೆ ಚರ್ಚೆಯ ಪುಟದಲ್ಲಿ, ಅಳಿಸಿದವರನ್ನು ಕರೆದು, ‘130 ಮತ್ತು 140 ಎರಡನ್ನೂ ಕೊಟ್ಟಿದ್ದೇನೆ, ನೋಡಿ’ ಅಂತ ಒಂದು ಸಾಲು ಬರೆಯಿರಿ. ಮುಂದಿನ ಜಗಳ ಆ ಅಂಕಿಯ ಬಗ್ಗೆಯೇ ಬರುವುದು.